ಕುದುರೆ ಕಂಡರೆ ಕಾಲುನೋವು

ಪುಣೆಯ ಇವೆಂಟಿಂಗ್ (ಕುದುರೆ ಸವಾರಿಯ ಮೂರು ಹಂತದ ಸ್ಪರ್ಧೆ) ಕ್ಲಬ್ಬಿನ ವಾರ್ತೆ ಬಂದರೆ ಕೊನೆಯ ಸಾಲು ಓದಲೇಬೇಕಿಲ್ಲ. ‘ಎಲ್ಲ ಸ್ವಯಂಸೇವಕರಿಗೂ ಧನ್ಯವಾದಗಳು’ ಅಂತಲೇ ಇರುತ್ತದೆ. ಅದರ ಮೇಲೆ ಗೆದ್ದ ಕುದುರೆ ಬೇಲಿ ಹಾರುತ್ತಿರುವ ಫೋಟೊ, ಪಕ್ಕದಲ್ಲಿ ಅಂಕ 31.5. ಯಾವ ಬೇಲಿಯ ಮುಂದೆ ಎಷ್ಟು ಕುದುರೆ ನಿಂತುಬಿಟ್ಟವು, ನೆಲ ಹೇಗಿತ್ತು ಅನ್ನುವುದಕ್ಕೆ ಒಂದಕ್ಷರವೂ ಇಲ್ಲ. ಈ ಆಟದಲ್ಲಿ ಅಂಕವೆಂದರೆ ದಂಡ, ಕಡಿಮೆ ಅಂಕದವನೇ ಗೆಲ್ಲುತ್ತಾನೆ.

ಕುದುರೆ ಕಂಡರೆ ಕಾಲುನೋವು ಅನ್ನುತ್ತದೆ ಗಾದೆ. ಅದನ್ನು ಕಟ್ಟಿದವರು ಸೋಮಾರಿಯನ್ನು ಕಂಡಿದ್ದರು. ಬೆಳಿಗ್ಗೆ ಆರರಿಂದ ಬೇಲಿ ಕಾಯುವ ಸ್ವಯಂಸೇವಕನನ್ನು ಕಂಡಿರಲಿಲ್ಲ. ಅವನಿಗೆ ಒಂದು ಕುರ್ಚಿ, ಸೀಟಿ, ಸ್ಟಾಪ್‌ವಾಚ್, ಹಾಳೆ. ಪೆನ್ಸಿಲ್ಲೇ ಆಗಬೇಕು, ಇಬ್ಬನಿಗೆ ಒದ್ದೆಯಾದ ಹಾಳೆಯ ಮೇಲೆ ಬಾಲ್‌ಪೆನ್ ಬರೆಯುವುದಿಲ್ಲ. ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ: ಎರಡೂ ಒಂದೇ ಗೆರೆಯಲ್ಲಿ ಕಾಣುವ ಹಾಗೆ ಕೂರಬೇಕು, ಆದರೆ ಕುದುರೆಯ ದಾರಿಗೆ ಅಡ್ಡವಾಗಬಾರದು. ಕುದುರೆ ಬರುವಾಗ ಛತ್ರಿ ಬಿಚ್ಚುವವರನ್ನು, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವವರನ್ನು ಮನೆಗೆ ಕಳಿಸಿದರೂ ತಪ್ಪಿಲ್ಲ. ಮುಂದೆ ಯಾರೋ ಬಿದ್ದಿದ್ದಾರೆಂದು ಹಿಂದಿನ ಸವಾರನನ್ನು ತಡೆದಾಗ, ಅವನು ಯಾವ ಗುರುತು ದಾಟುವಾಗ ಗಡಿಯಾರ ಒತ್ತಿದಿರೋ, ಬಿಟ್ಟ ಮೇಲೆ ಅದೇ ಗುರುತು ದಾಟುವಾಗ ನಿಲ್ಲಿಸಬೇಕು. ಮರೆತರೆ ತಡೆದ ಹೊತ್ತೂ ಓಟದ ಹೊತ್ತಿಗೆ ಸೇರಿ, ನಿಗದಿಗಿಂತ ತಡವಾದ ಸೆಕೆಂಡಿಗೆ 0.4ರಂತೆ ಅವನ ತಲೆಗೆ ಬೀಳುತ್ತದೆ. 25 ಸೆಕೆಂಡಿಗೆ 10 ಅಂಕ.

ಇದಿರಲಿ. ಕ್ರಾಸ್‌ಕಂಟ್ರಿಯ (ಬಯಲಲ್ಲಿ ಬೇಲಿ ಹಾರುತ್ತ ಓಡುವ ಹಂತ) ಸುದ್ದಿ ಅಂದರೆ ನೆಲದ ಸುದ್ದಿ. ಪುಣೆ ಸುತ್ತಮುತ್ತಲ ಎರೆ ಮಣ್ಣಿನ ಗುಣವನ್ನು ವಿಜಯಪುರ, ಧಾರವಾಡ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೆನೆದರೆ ಉಬ್ಬಿ ಗೊರಸಿಗೆ ಮೆತ್ತಿಕೊಂಡು ಲಾಳವನ್ನೇ ಕಿತ್ತುಕೊಳ್ಳುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು. ಒಂದು ಮೀಟರ್ ಬೇಲಿಗೆ ಕುದುರೆ ಹೆಚ್ಚುಕಡಿಮೆ 1.5ರಿಂದ 2 ಮೀಟರ್ ಈಚೆಯಿಂದ ನೆಗೆದು, ಅಷ್ಟೇ ಆಚೆಗೆ ಇಳಿಯುತ್ತದೆ. ಮೂವತ್ತು ಕುದುರೆ ಅಲ್ಲೇ ತುಳಿದರೆ ಗುಂಡಿ, ಗುಂಡಿಯಲ್ಲಿ ನೀರು. ಮೂವತ್ತೊಂದನೆಯದು ಜಾರಿ, ಹೆದರಿ ನಿಲ್ಲುತ್ತದೆ. ಹಾಳೆಯಲ್ಲಿ ದಂಡ 20 ಅಂತ ಬೀಳುತ್ತದೆ, ಕುದುರೆಯ ಹೆಸರಿಗೆ.

ಮದ್ದು ಎಲ್ಲರಿಗೂ ಗೊತ್ತು, ಮಾಡುವವರು ನಾಲ್ಕೇ ಜನ. ಬೇಲಿಯ ಎರಡೂ ಬದಿ ಮೂರು ಮೂರು ಮೀಟರ್, 15 ಸೆಂಟಿಮೀಟರ್ ಆಳಕ್ಕೆ ಎರೆಯನ್ನು ತೆಗೆದುಹಾಕಿ, ಜರಡಿ ಹಿಡಿದ ಮುರುಮ್ (ಗರಸು ಮಣ್ಣು) ಅನ್ನು ಎರಡು ಪದರವಾಗಿ ಸುರಿದು, ಒಂದೊಂದಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ನೀರು ಪಕ್ಕಕ್ಕೆ ಹರಿಯುವಷ್ಟು ಇಳಿಜಾರು, ಮೇಲೆ ತೆಳ್ಳಗೆ ಮರಳು. ಜರಡಿಯ ಕೆಲಸ ಬೇಸರವೆಂದು ಬಿಟ್ಟರೆ ಉಳಿದ ಕಲ್ಲು ಅಂಗಾಲಿಗೆ ಒತ್ತಿ ಮರುದಿನ ಕುದುರೆ ಕುಂಟುತ್ತದೆ. ಹಸಿ ಎರೆಯ ಮೇಲೆ ನೇರವಾಗಿ ಮರಳು ಸುರಿಸುವ ಜಾಣರೂ ಇದ್ದಾರೆ. ಎರಡು ಮಳೆಗೆ ಮರಳೆಲ್ಲ ಮಾಯ, ಬಿಲ್ಲು ಮಾತ್ರ ಉಳಿಯುತ್ತದೆ. ಇನ್ನು ಕೆಲವರು ನೆಗೆಯುವ ಬದಿಯನ್ನು ಅಂಗಳದಂತೆ ಸಾರಿಸಿಟ್ಟು, ಇಳಿಯುವ ಬದಿ ಇದೆಯೆಂಬುದನ್ನೇ ಮರೆಯುತ್ತಾರೆ. ಕುದುರೆ ಗಾಳಿಯಲ್ಲೇ ಉಳಿಯುತ್ತದೆಂಬ ನಂಬಿಕೆಯೋ ಏನೋ. ಇಳಿಯುವಾಗ ಸವಾರನ ಸಮೇತ ಅಷ್ಟೂ ಭಾರ ಮೊದಲು ಬೀಳುವುದು ಒಂದೇ ಮುಂಗಾಲಿನ ಮೇಲೆ.

ಮುಂದಿನ ಕರೆಯೂ ಇದೇ ವಾರ್ತೆಯಲ್ಲಿದೆ: ‘ಘೋಡಾ ಮೈದಾನ ಜವಳ ಆಹೆ! (ಮರಾಠಿ ಮಾತು, ಪರೀಕ್ಷೆಯ ಹೊತ್ತು ಹತ್ತಿರ ಬಂತು ಅಂತ.) ಭಾನುವಾರ 6 ಗಂಟೆಗೆ, ಕ್ಯಾಪ್ ತನ್ನಿ.’ ಸಲಿಕೆಯ ಸುದ್ದಿ ಇಲ್ಲ. ಗೆದ್ದ ಕುದುರೆಯ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ: ಬೇಲಿಯ ಆಚೆ, ಅದು ಇನ್ನೇನು ಕಾಲಿಡುವ ಜಾಗದಲ್ಲಿ, ನೀರು ಮಿನುಗುತ್ತಿದೆ.