ಮಕ್ಕಳ ಬ್ಯಾಗಲ್ಲಿ ಎಂತ ಹಾಕ್ಬೇಕು?

ಎರಡು ಮಕ್ಕಳನ್ನ ಕಟ್ಕೊಂಡು ಮೂರು ದಿನ ಬೆಟ್ಟ ಹತ್ತಿದ ಫ್ಯಾಮಿಲಿ ಕಥೆ ಓದಿ ಖುಷಿ ಆಯ್ತು, ಆದ್ರೆ ಮಕ್ಕಳ ಬೆನ್ನಿಗೂ ಅಷ್ಟು ದೊಡ್ಡ ಬ್ಯಾಗ್ ಹಾಕಿದ್ದು ನಂಗೆ ಸರಿ ಕಾಣ್ಲಿಲ್ಲ ಮಾರಾಯ್ರೆ. ನಾವು ಮಂಗಳೂರಿಂದ ಕುಮಾರಪರ್ವತಕ್ಕೆ ಹೋದಾಗ ಸಣ್ಣವನ ಬ್ಯಾಗಲ್ಲಿ ಇದ್ದದ್ದು ಒಂದು ನೀರಿನ ಬಾಟ್ಲಿ, ಸ್ವೆಟರ್, ಸ್ವಲ್ಪ ಚಿಕ್ಕಿ ಅಷ್ಟೇ. ಆದ್ರೂ ಕುಕ್ಕೆ ಕಡೆಯಿಂದ ಹತ್ತುವಾಗ ಶುರುವಿನ ಆ ಕಾಡಿನ ಏರಿನಲ್ಲೇ "ಅಪ್ಪಾ ಇನ್ನೆಷ್ಟು ಉಂಟು" ಅಂತ ಹತ್ತು ಸಲ ಕೇಳಿದ, ನಾನು ಪ್ರತಿ ಸಲ "ಇಲ್ಲೇ ಹತ್ರ" ಅಂತ ಸುಳ್ಳು ಹೇಳಿದ್ದೇ ಬಂತು. ದಾರಿ ಮಧ್ಯೆ ಸಿಗುವ ಗಿರಿಗದ್ದೆಯ ಭಟ್ರ ಮನೆಯಲ್ಲಿ ಬಿಸಿ ಅನ್ನ ಸಾಂಬಾರು ಮಜ್ಜಿಗೆ ಸಿಕ್ಕಿದ್ಮೇಲೆ ಎಲ್ಲರ ಮುಖ ಸರಿ ಆಯ್ತು. ಶೇಷಪರ್ವತ ದಾಟಿ ತುದಿ ಮುಟ್ಟಿದೆವು, ಎತ್ತರ 1712 ಮೀಟರ್, ಅಲ್ಲಿಂದ ಸೋಮವಾರಪೇಟೆ ಕಡೆಗೆ ಇಳಿದೆವು. ಇಳಿಯುವಾಗ ಬಂಡೆ ಮೇಲೆ ನನ್ನ ಹೆಂಡತಿ ಜಾರಿ ಕೂತದ್ದು ಬೇರೆ ಕಥೆ, ಇಲ್ಲಿ ಬರೆದ್ರೆ ಮನೆಯಲ್ಲಿ ಊಟ ಇಲ್ಲ 😄

ಮಕ್ಕಳಿಗೆ ಮಜಾ ಬಂದದ್ದು ಮಲ್ಲಳ್ಳಿ ಫಾಲ್ಸ್ ಹತ್ರ. ಇಲ್ಲಿ ಬೀಳುವ ಈ ಕುಮಾರಧಾರೆ ಹೊಳೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ತುಂಬೆ ಡ್ಯಾಮಿಗೆ ಬಂದು ನಮ್ಮ ಮನೆ ನಳ್ಳಿಯಲ್ಲಿ ಬರ್ತದೆ ಅಂದಾಗ ಅವ್ರು ನಂಬ್ಲೇ ಇಲ್ಲ!

ಮತ್ತೆ ಹೋಗುವವರು ಅರಣ್ಯ ಇಲಾಖೆ ಪರ್ಮಿಟ್ ಮೊದ್ಲೇ ಮಾಡ್ಕೊಳ್ಳಿ, ತುದಿಯಲ್ಲಿ ಟೆಂಟ್ ಹಾಕ್ಲಿಕ್ಕೆ ಬಿಡುದಿಲ್ಲ. ಮಳೆ ಬಿಟ್ಟ ಹೊಸತರಲ್ಲಿ ಆದ್ರೆ ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಉಪ್ಪು ಇಟ್ಕೊಳ್ಳಿ, ಕಿತ್ತು ಎಳೀಬೇಡಿ.