ಸಮುದ್ರವಿಲ್ಲದ ಪುಣೆ, ಹಡಗು ಬೇಡದ ಹೊನ್ನಾವರ

ಅಣ್ಣನ ಮನೆ ಒಕ್ಕಲಿಗೆ ಏನು ಕೊಡೋದು ಅಂತ ಯೋಚಿಸಿ ಯೋಚಿಸಿ, ಕೊನೆಗೆ ನಾನೇ ಮಾಡಿದ ಒಂದು ಹಡಗು ಒಯ್ದೆ. ಮರದ್ದು. ಡಾರ್ವಿನ್ 1831ರಲ್ಲಿ ಹತ್ತಿ ಹೊರಟನಲ್ಲ, ಆ ಬೀಗಲ್. ಪುಣೆಯಿಂದ ಹೊನ್ನಾವರದವರೆಗೆ ಸ್ಲೀಪರ್ ಬಸ್ಸಿನಲ್ಲಿ ಅದನ್ನು ಮಲಗಿಸಿ ನಾನು ಕೂತೇ ಬಂದಿದ್ದೆ. ಸತ್ಯನಾರಾಯಣ ಕಥೆ ಮುಗಿದು ಎರಡನೇ ಪಂಕ್ತಿ ಏಳುವ ಹೊತ್ತಿಗೆ ಡಬ್ಬ ಬಿಚ್ಚಿದೆವು. ಮಾವ ಕನ್ನಡಕ ಮೇಲೇರಿಸಿ ನೋಡಿದರು.

"ಎಷ್ಟು ಬಿತ್ತೋ ಇದಕ್ಕೆ?"

ನಾನೇ ಮಾಡಿದ್ದು ಅಂದೆ.

"ನೀನೇನಾ? ಅಷ್ಟೆಲ್ಲ ಪುರಸೊತ್ತು ಕೊಡ್ತಾರಾ ಆಫೀಸಲ್ಲಿ?"

ಪಕ್ಕದಲ್ಲಿದ್ದ ಭಾವ ಅಷ್ಟರಲ್ಲಿ ಮೊಬೈಲ್ ತೆಗೆದಿದ್ದ. ಇದರ ಅಪ್ಪನಂಥ ಹಡಗು ಆನ್‌ಲೈನಲ್ಲಿ ಎರಡು ಸಾವಿರಕ್ಕೆ ಸಿಗುತ್ತೆ, ಒಳಗೆ ಲೈಟೂ ಇರುತ್ತೆ ಅಂತ ಎಲ್ಲರಿಗೂ ತೋರಿಸಿದ. ಲೈಟಂತೆ! ಸಂಜೆ ನೋಡಿದರೆ ಹಡಗು ಫ್ರಿಜ್ ಮೇಲೆ, ಸ್ಟೆಬಿಲೈಜರ್ ಪಕ್ಕ ನಿಂತಿತ್ತು. ಮೂತಿ ಗೋಡೆ ಕಡೆಗೆ.

ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಇದೇ ಹಡಗು ಅರ್ಧ ಕಟ್ಟಿ ಪುಣೆಯ ನಮ್ಮ ಹಾಲ್‌ನಲ್ಲಿ ನಿಂತಿದ್ದಾಗ ಏನಾಗಿತ್ತು ಹೇಳ್ತೀನಿ ಕೇಳಿ. ಮೇಲಿನ ಮನೆಯ ಕಾಕಾ ನೀರಿನ ಟ್ಯಾಂಕರ್ ಬಿಲ್ಲಿನ ವಿಷಯಕ್ಕೆ ಜಗಳ ಆಡೋಕೆ ಬಂದಿದ್ದರು. ಮೇಜಿನ ಮೇಲೆ ಕಣ್ಣು ಬಿತ್ತು ನೋಡಿ, ಬಿಲ್ಲು ಮಡಚಿ ಜೇಬಿಗೆ ಇಟ್ಟು ಕೂತೇಬಿಟ್ಟರು. ಸ್ಕೇಲ್ ಎಷ್ಟು, ಮರ ಯಾವುದು, ಹಲಗೆ ಇಷ್ಟು ಚೆಂದ ಬಾಗಿದ್ದು ಹೇಗೆ ಅಂತ ಒಂದರ ಹಿಂದೊಂದು ಪ್ರಶ್ನೆ. ಮರುದಿನ ಎಲ್ಲೋ ಓದಿಕೊಂಡು ಮತ್ತೆ ಬಂದರು. 1820ರಲ್ಲಿ ಬೀಗಲ್ ನೀರಿಗಿಳಿದಾಗ ಅದಕ್ಕೆ ಎರಡೇ ಕಂಬ ಇತ್ತಂತಲ್ಲ, ಮೂರನೆಯದು ಆಮೇಲೆ ಹಾಕಿದ್ದಂತಲ್ಲ, ನೀವು ಯಾವ ಕಾಲದ್ದು ಮಾಡ್ತಿದ್ದೀರಿ ಅಂತ ಕೇಳಿದರು. ಬೆಲೆ ಎಷ್ಟು ಅಂತ ಇವತ್ತಿಗೂ ಕೇಳಿಲ್ಲ. ಟ್ಯಾಂಕರ್ ಬಿಲ್ಲಿನ ಜಗಳ ಹಾಗೇ ಬಾಕಿ ಇದೆ, ಅದು ಬೇರೆ ಮಾತು.

ಪುಣೆಗೆ ಸಮುದ್ರ ಇಲ್ಲ ಸ್ವಾಮಿ. ಮುಠಾ ನದಿ ಇದೆ, ವರ್ಷದ ಬಹುಪಾಲು ಅದರಲ್ಲಿ ಕಾಗದದ ದೋಣಿ ಬಿಟ್ಟರೂ ಸಿಕ್ಕಿಹಾಕಿಕೊಳ್ಳುತ್ತೆ. ನಮ್ಮೂರಲ್ಲಾದರೆ ಶರಾವತಿ ಹೋಗಿ ಸಮುದ್ರ ಸೇರುವ ಅಳಿವೆಯೇ ಕಣ್ಣೆದುರು. ಅಂಥ ಊರಲ್ಲಿ ಹುಟ್ಟಿದವನು ಹಡಗಿನ ಮಾತಾಡೋಕೆ ಸಹ್ಯಾದ್ರಿಯ ಆಚೆ ಹೋಗಬೇಕಾಯ್ತು.

ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳಿಬಿಡ್ತೀನಿ, ಊರಲ್ಲಂತೂ ಯಾರೂ ಕೇಳಲಿಲ್ಲ. ನನ್ನ ಬೀಗಲ್ 1:60 ಅಳತೆಯದು. ಆರಡಿ ಆಳು ಇದರಲ್ಲಿ ಬರೀ 3 ಸೆಂಟಿಮೀಟರ್ ಆಗ್ತಾನೆ. ಸ್ಪೇನ್‌ನಿಂದ ಬರುವ ಕಿಟ್. ಕಿಟ್ ಅಂದ ಕೂಡಲೇ 'ಓ, ಜೋಡಿಸೋದಷ್ಟೇ' ಅನ್ನಬೇಡಿ. ಡಬ್ಬದಲ್ಲಿ ಬರೋದು ಮರದ ಪಟ್ಟಿಗಳ ಕಟ್ಟು, ದಾರದ ಉಂಡೆ, ನಕ್ಷೆ. ಮೊದಲು ಬೆನ್ನುಮೂಳೆ ನಿಲ್ಲಿಸಬೇಕು, ಅದಕ್ಕೆ ಅಡ್ಡಡ್ಡ ಪಕ್ಕೆಲುಬು ಕೂರಿಸಬೇಕು, ಆಮೇಲೆ ಮೈ ಮುಚ್ಚುವ ಪಟ್ಟಿಗಳು. ಅಸಲಿ ಕಷ್ಟ ಇಲ್ಲೇ. ಹಡಗಿನ ಹೊಟ್ಟೆ ಅಗಲ, ಮೂತಿ ಸಣ್ಣ. ಹೊಟ್ಟೆಯ ಹತ್ತಿರ ಪಕ್ಕಪಕ್ಕ ನೆಟ್ಟಗೆ ಕೂತ ಪಟ್ಟಿಗಳು ಮೂತಿಗೆ ಬರುವಾಗ ಜಾಗ ಸಾಲದೆ ಒಂದರ ಮೇಲೊಂದು ಹತ್ತುತ್ತವೆ. ಹಾಗಾಗಿ ಒಂದೊಂದನ್ನೂ ಮುಂದಕ್ಕೆ ಹೋದಂತೆ ಹೆರೆದು ಕಿರಿದು ಮಾಡಬೇಕು. ಅರ್ಧಕ್ಕಿಂತ ಕಿರಿದಾದರೆ ತುದಿ ನಿಲ್ಲಲ್ಲ, ಸೀಳುತ್ತೆ. ಹೆರೆದದ್ದನ್ನು ನೀರಲ್ಲಿ ನೆನೆಹಾಕಿ, ಬಿಸಿ ತಾಗಿಸಿ, ಕೈಯಲ್ಲೇ ಬಾಗಿಸಿ, ಫೆವಿಕಾಲ್ ಹಚ್ಚಿ ಕ್ಲಿಪ್ ಹಾಕಿ ಕಾಯಬೇಕು. ಬಿಸಿಗೆ ನಾನು ಹೆಂಡತಿಯ ಹೇರ್ ಸ್ಟ್ರೈಟ್ನರ್ ಬಳಸುತ್ತೇನೆ. ಈಗ ಅದು ನನ್ನದೇ, ಅವಳು ಬೇರೆ ತಗೊಂಡಿದ್ದಾಳೆ.

ಹಗ್ಗದ ಕೆಲಸದ್ದು ಇನ್ನೊಂದು ಕಥೆ. ಕಂಬವನ್ನು ಹಿಡಿದು ನಿಲ್ಲಿಸುವ, ಅಲುಗಾಡದ ಹಗ್ಗಗಳೆಲ್ಲ ಕಪ್ಪು, ಯಾಕಂದ್ರೆ ನಿಜದ ಹಡಗಲ್ಲಿ ಅವಕ್ಕೆ ಟಾರು ಬಳಿದಿರುತ್ತಾರೆ. ಪಟ ಎಳೆಯುವ, ಬಿಡುವ ಹಗ್ಗಗಳು ಕಂದು. ಆ ಕಪ್ಪು ಹಗ್ಗಗಳಿಗೆ ಅಡ್ಡಡ್ಡ ತೆಳು ದಾರ ಕಟ್ಟಿ ಏಣಿ ಮಾಡಬೇಕು, ಮೆಟ್ಟಿಲಿಂದ ಮೆಟ್ಟಿಲಿಗೆ ಸುಮಾರು 6 ಮಿಲಿಮೀಟರ್. ಹಗ್ಗ ದಾಟುವ ಪ್ರತಿ ಜಾಗದಲ್ಲೂ ಒಂದು ಕ್ಲೋವ್ ಹಿಚ್ ಗಂಟು, ಚಿಮಟದಲ್ಲಿ ಹಿಡಿದು. ಒಂದು ಗಂಟು ಸ್ವಲ್ಪ ಜಾಸ್ತಿ ಬಿಗಿಯಾದರೆ ಸಾಕು, ನೆಟ್ಟಗಿರಬೇಕಾದ ಹಗ್ಗಗಳು ನಡುವಿನಲ್ಲಿ ಒಳಕ್ಕೆ ಸೆಳೆದುಕೊಳ್ಳುತ್ತವೆ, ಕತ್ತರಿಸಿ ಮತ್ತೆ ಮೊದಲಿಂದ. ಭಾವನ ಎರಡು ಸಾವಿರದ ಹಡಗಲ್ಲಿ ಈ ಏಣಿಯ ಜಾಗದಲ್ಲಿ ಪ್ಲಾಸ್ಟಿಕ್ ಜಾಳಿಗೆ ಅಂಟಿಸಿರ್ತಾರೆ. ಅದು ಅವನಿಗೆ ಕಾಣಲ್ಲ. ಕಾಕಾಗೆ ಕಾಣುತ್ತೆ. ನನ್ನ ತಕರಾರು ಇಷ್ಟೇ.

ಪುಣೆಯವರಿಗೆ ಈ ಕಣ್ಣು ಎಲ್ಲಿಂದ ಬಂತು? ನನಗನ್ನಿಸೋದು, ಇಲ್ಲಿ ದೊಡ್ಡವರು ಆಟ ಆಡಿದರೆ ಯಾರಿಗೂ ನಾಚಿಕೆ ಇಲ್ಲ. ಕೋಥ್ರೂಡ್‌ನಲ್ಲಿ ಪುಟಾಣಿ ರೈಲುಗಳ ಒಂದು ಮ್ಯೂಸಿಯಂ ಇದೆ, ಜೋಶಿಯವರದ್ದು, 1998ರಿಂದ ನಡೆಯುತ್ತಿದೆ. ಒಬ್ಬ ಮನುಷ್ಯನ ಆಟಿಕೆ ರೈಲಿನ ಹುಚ್ಚು ಬೆಳೆದು ಊರೇ ಆಗಿ ನಿಂತಿದೆ. ಸಿಗ್ನಲ್, ಸೇತುವೆ, ಸ್ಟೇಷನ್ ಎಲ್ಲ ಉಂಟು. ಜನ ಟಿಕೆಟ್ ತಗೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡ್ತಾರೆ. ಇದೇ ಹುಚ್ಚು ನಮ್ಮ ಕಡೆ ಯಾರಿಗಾದರೂ ಹಿಡಿದಿದ್ದರೆ? ಮನೆಯವರು ಮೊದಲು ಜಾತಕ ತೋರಿಸ್ತಿದ್ದರು, ಆಮೇಲೆ ಗೋಕರ್ಣಕ್ಕೆ ಕರೆದುಕೊಂಡು ಹೋಗ್ತಿದ್ದರು.

ದೀಪಾವಳಿಗೆ ಇಲ್ಲಿನ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಮಕ್ಕಳು ಅಂತ ಹೆಸರು, ಬುರುಜು ಎಷ್ಟು ಎತ್ತರ ಇರಬೇಕು ಅಂತ ಗುದ್ದಾಡುವವರು ಅಪ್ಪಂದಿರು. ಒಂದು ಸಲ ನಮ್ಮ ಸೊಸೈಟಿಯಲ್ಲಿ ಸಿಂಧುದುರ್ಗ ಕಟ್ಟಿ, ಸುತ್ತ ನೀಲಿ ಪ್ಲಾಸ್ಟಿಕ್ ಹಾಸಿ ನೀರು ನಿಲ್ಲಿಸಿದ್ದರು. ಅದಕ್ಕೆ ಹಡಗು ಬೇಕು ಅಂತ ನನ್ನ ಹತ್ತಿರ ಬಂದರು. ಉಳಿದ ಪಟ್ಟಿಗಳಲ್ಲಿ ಒಂದೆರಡು ಮಾಡಿಕೊಟ್ಟೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ತಿರುಗಿಸಿ ನೋಡಿ, ಅಂಕಲ್ ಇದು ಗುರಾಬ ಆಯ್ತು, ಗಲ್ಬತ ಬೇಕು, ಗಲ್ಬತ ಸಣ್ಣದು, ಹುಟ್ಟು ಹಾಕಿ ಜೋರಾಗಿ ಓಡಿಸೋದು ಅಂತ ವಾಪಸ್ ಕೊಟ್ಟಳು. ಐದನೇ ಕ್ಲಾಸು!

ನಮ್ಮ ಕಡೆಯ ಕಥೆಯನ್ನೂ ಇವರೇ ನನಗೆ ಹೇಳ್ತಾರೆ. ನೀವು ಹೊನ್ನಾವರದವರಾ, ಹಾಗಾದರೆ 1665ರಲ್ಲಿ ಶಿವಾಜಿ ಮಹಾರಾಜರು ಹಡಗು ಹತ್ತಿ ಬಸ್ರೂರಿಗೆ ಬಂದಿದ್ದು ಗೊತ್ತಿರಬೇಕಲ್ಲ, ವಾಪಸ್ ಹೋಗುವಾಗ ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಿದ್ದು, ಅಂತ ಕಾಕಾ ಶುರು ಮಾಡಿದರು. ನಾನೂ ಸೋಲಬಾರದು ಅಂತ ನಮ್ಮ ಹೊನ್ನಾವರದ ತಿಮ್ಮಯ್ಯನನ್ನು ತೆಗೆದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್‌ಗೆ ಗೋವೆಯ ದಾರಿ ತೋರಿಸಿದ್ದೇ ಅವನು, ಅವನದೇ ಹಡಗುಗಳಿದ್ದವು. ಒಳ್ಳೆಯವನೋ ಕೆಟ್ಟವನೋ ಅದು ಬೇರೆ ಚರ್ಚೆ, ಆದರೆ ಇದ್ದನಲ್ಲ. ಕಾಕಾ ಹೆಸರು ಬರೆದುಕೊಂಡರು. ಇದೇ ಹೆಸರನ್ನು ಒಕ್ಕಲು ಮನೆಯ ಜಗಲಿಯಲ್ಲಿ ಎತ್ತಿದರೆ ಮಾವ ಕೇಳಿದ್ದು, "ಯಾವ ತಿಮ್ಮಯ್ಯ, ಗೇರುಬೀಜದ ವ್ಯಾಪಾರದವನಾ?"

2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಅನ್ನುವ ಹಡಗನ್ನು ನೌಕಾಪಡೆ ಸೇರಿಸಿಕೊಂಡಿತು. ಅಜಂತಾದ ಐದನೇ ಶತಮಾನದ ಚಿತ್ರ ನೋಡಿ ಗೋವಾದಲ್ಲಿ ಕಟ್ಟಿದ್ದು. ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಅದರ ಪಟದ ಮೇಲೆ ಏನಿದೆ ಗೊತ್ತಾ, ಗಂಡಭೇರುಂಡ! ನಮ್ಮ ಸರ್ಕಾರಿ ಮುದ್ರೆಯಲ್ಲಿರುವ ಅದೇ ಹಕ್ಕಿ. ನಮ್ಮೂರಿಂದ ಎರಡು ತಾಸಿನ ದಾರಿಯಲ್ಲಿ ಇಷ್ಟೆಲ್ಲ ಆಯ್ತು, ಸುದ್ದಿ ನನಗೆ ಬಂದಿದ್ದು ಪುಣೆಯ ಸೊಸೈಟಿ ಗ್ರೂಪಿನಿಂದ. ನಮ್ಮ ಕುಟುಂಬದ ಗ್ರೂಪಿಗೆ ಕಳಿಸಿದೆ. ಒಬ್ಬರು ಕೈ ಮುಗಿದರು, ಇನ್ನೊಬ್ಬರು ಹಲಸಿನ ಹಪ್ಪಳದ ವಿಡಿಯೋ ಹಾಕಿದರು.

ಪುಣೆಯಲ್ಲಿರುವ ಕನ್ನಡಿಗರು ಬೇರೆ ಥರ ಅಂದುಕೊಳ್ಳಬೇಡಿ. ನಮ್ಮವರದ್ದೇ ಒಂದು ರಾಜ್ಯೋತ್ಸವದಲ್ಲಿ ಮೂಲೆಯಲ್ಲೊಂದು ಮೇಜು ಕೊಡಿ, ಹಡಗು ಇಡ್ತೀನಿ ಅಂದೆ. ಮೇಜೆಲ್ಲ ಊಟಕ್ಕೆ ಹೋಗಿದೆ ಅಂದರು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಇಷ್ಟು ಬೈದ ಮೇಲೆ ಒಂದೆರಡು ಮಾತು ಒಪ್ಪಬೇಕಾಗುತ್ತೆ, ಮನಸ್ಸಿಲ್ಲದಿದ್ದರೂ. ಪುಣೆಯಲ್ಲಿ ನನ್ನ ಹಡಗು ನೋಡಿ ವಾಹ್ ಅಂದವರಲ್ಲಿ ಒಬ್ಬರೂ ಚಾಕು ಕೈಗೆ ತಗೊಂಡಿಲ್ಲ. ಮುಂದಿನ ತಿಂಗಳು ನಾನೂ ಶುರು ಮಾಡ್ತೀನಿ ಅನ್ನೋದು ಕಾಕಾನ ಹಳೇ ಮಾತು. ಇನ್ನು ಮರದ ವಿಷಯಕ್ಕೆ ಬಂದರೆ ಊರಿನ ಕಡೆಯದ್ದೇ ಮೇಲು. ಇಲ್ಲಿನ ಟಿಂಬರ್ ಮಾರ್ಕೆಟ್‌ನಲ್ಲಿ ತೇಗ ಕೊಡ್ತಾರೆ. ತೇಗ ದೊಡ್ಡ ಹಡಗಿಗೆ ರಾಜ, ಮಾದರಿಗೆ ಆಗಿಬರಲ್ಲ, ಅದರ ನಾರು ಒರಟು. 1:60ರಲ್ಲಿ ಒಂದು ಮಿಲಿಮೀಟರ್ ಗೆರೆ ಅಂದರೆ ನಿಜದ ಹಡಗಲ್ಲಿ 6 ಸೆಂಟಿಮೀಟರ್ ಬಿರುಕು. ಹಗ್ಗದ ಸಣ್ಣ ಸಣ್ಣ ರಾಟೆಗಳಿಗೆ ನಾನು ತರಿಸೋದು ಚನ್ನಪಟ್ಟಣದ ಬೊಂಬೆಯ ಆಲೆ ಮರ. ನಯ, ಬಿಳುಪು, ಕೊರೆದರೆ ಅಂಚು ಒಡೆಯಲ್ಲ.

ಮತ್ತೆ ದೊಡ್ಡಪ್ಪ. ಒಕ್ಕಲಿನ ದಿನ ಎಲ್ಲರೂ ಎಲೆ ಅಡಿಕೆಗೆ ಕೂತ ಮೇಲೆ ಅವರೊಬ್ಬರೇ ಫ್ರಿಜ್ ಹತ್ತಿರ ನಿಂತಿದ್ದರು. ಹರೆಯದಲ್ಲಿ ಪತ್ತೆಮಾರಿಯಲ್ಲಿ ದುಡಿದವರು, ಮಂಗಳೂರು ಹಂಚು ಹೇರಿಕೊಂಡು ಮುಂಬೈಗೆ ಹೋಗುತ್ತಿದ್ದ ಹಡಗು. ನೂಲಹುಣ್ಣಿಮೆ ಕಳೆದು ಹೊರಟರೆ ಮಳೆಗಾಲ ಹಿಡಿಯೋ ಮುಂಚೆ ವಾಪಸ್. ಕಂಬ, ಪಟ ಕಟ್ಟುವ ಅಡ್ಡಗೋಲು ಎಲ್ಲ ನೋಡಿ, "ಚೌಕ ಪಟದ್ದು. ಎದುರುಗಾಳಿಗೆ ಇದು ನಮ್ಮದರಷ್ಟು ಹೋಗಲ್ಲ" ಅಂದರು. ಅಷ್ಟೇ. ಪುಸ್ತಕದಲ್ಲಿ ಪುಟಗಟ್ಟಲೆ ಬರೆಯೋದು ಇದನ್ನೇ. ಚೆನ್ನಾಗಿದೆಯಾ ದೊಡ್ಡಪ್ಪ ಅಂತ ನಾನೇ ಬಾಯಿಬಿಟ್ಟು ಕೇಳಿದೆ. "ಹಂಚು ಹೊತ್ತು ಹೊತ್ತು ಹೆಗಲು ಹೋಗಿತ್ತು ಮಾರಾಯ. ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿದ ದಿನ ದೇವರಿಗೆ ಹಣ್ಣುಕಾಯಿ ಮಾಡಿಸಿದ್ದೆ" ಅಂದರು. ಅವರಿಗೆ ಹಡಗು ಷೋಕೇಸಿನ ವಸ್ತು ಹೇಗಾದೀತು? ಅಷ್ಟು ಅರ್ಥವಾಗುತ್ತೆ. ಮಾವನಿಗೂ ಭಾವನಿಗೂ ಈ ರಿಯಾಯಿತಿ ಇಲ್ಲ, ಅವರಿಬ್ಬರೂ ಹಂಚು ಹೊತ್ತವರಲ್ಲ.

ಈಗ ಪತ್ತೆಮಾರಿಗೇ ಕೈ ಹಾಕಿದ್ದೇನೆ, ಕಿಟ್ ಇಲ್ಲದೆ. ಹಿಂದಿನ ಕಾಲದಲ್ಲಿ ಒಬ್ಬ ಫ್ರೆಂಚ್ ನೌಕಾಧಿಕಾರಿ ಪಶ್ಚಿಮ ಕರಾವಳಿಯ ಹಡಗುಗಳ ನಕ್ಷೆ ಬರೆದಿಟ್ಟಿದ್ದ, ಅದು ಕಾಕಾ ಹುಡುಕಿ ಕೊಟ್ಟಿದ್ದು. ದೊಡ್ಡಪ್ಪ ಫೋನಲ್ಲಿ ಮೊಳದ ಲೆಕ್ಕ ಕೊಡ್ತಾರೆ, ಪ್ರತಿ ಸಲ ಬೇರೆ ಬೇರೆ. ಕಂಬ ಮುಂದಕ್ಕೆ ವಾಲಿರುತ್ತೆ ಅನ್ನೋದರಲ್ಲಿ ಇಬ್ಬರಿಗೂ ಜಗಳ ಇಲ್ಲ, ಎಷ್ಟು ವಾಲಿರಬೇಕು ಅನ್ನೋದರಲ್ಲಿ ಇದೆ. ಕಾಕಾ ನಕ್ಷೆ ಬಿಟ್ಟು ಕದಲಲ್ಲ. ದೊಡ್ಡಪ್ಪ, "ಅವನು ಅದರಲ್ಲಿ ರಾತ್ರಿ ಮಲಗಿದ್ದನಾ ಕೇಳು" ಅಂತಾರೆ. ಹಾಗಾಗಿ ಕಂಬಕ್ಕೆ ಇನ್ನೂ ಅಂಟು ಹಾಕಿಲ್ಲ. ಕುಮಟಾ, ತದಡಿ, ಗಂಗೊಳ್ಳಿ ಕಡೆಯವರ ಮನೆಯಲ್ಲಿ ಪತ್ತೆಮಾರಿಯ ಹಳೇ ಫೋಟೋ ಏನಾದರೂ ಇದ್ದರೆ ದಯವಿಟ್ಟು ಕಳಿಸಿ. ಬದಿಯಿಂದ ತೆಗೆದದ್ದಾದರೆ ಒಳ್ಳೆಯದು, ಕಂಬ ಬುಡದವರೆಗೂ ಕಾಣಬೇಕು.