ಪಕ್ಕದ ಕೋಶದ ಮಾತೂ ಮುಖ್ಯ
ಭ್ರೂಣದ ಬೆಳವಣಿಗೆ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ‘ಭ್ರೂಣದಲ್ಲಿ ಎಲ್ಲವನ್ನೂ ಜೀನ್‌ಗಳೇ ತೀರ್ಮಾನಿಸುತ್ತವೆ’ ಎಂಬ ಸಾಲನ್ನು ಒಪ್ಪಲಾರೆ. ಯಾವ ಜೀನ್ ಎಲ್ಲಿ, ಯಾವಾಗ ಚಾಲೂ ಆಗಬೇಕೆಂಬುದು ನೆರೆಕೋಶಗಳ ಸಂಕೇತಗಳ ಮೇಲೂ ನಿಂತಿದೆ. ಜರ್ಮನಿಯ ಭ್ರೂಣವಿಜ್ಞಾನಿಗಳಾದ ಹಿಲ್ಡೆ ಮಾಂಗೋಲ್ಡ್, ಹಾನ್ಸ್ ಸ್ಪೇಮನ್ 1924ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ನ್ಯೂಟ್ ಎಂಬ ಹಲ್ಲಿಯಂಥ ಉಭಯಚರದ ಭ್ರೂಣದ ಸಣ್ಣ ಚೂರನ್ನು ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿದಾಗ ಅಲ್ಲಿ ಎರಡನೇ ದೇಹಾಕ್ಷವೇ (ತಲೆಯಿಂದ ಬಾಲದವರೆಗಿನ ದೇಹದ ನಡುರಚನೆ) ಮೂಡಿತು, ಅದೂ ಬಹುಪಾಲು ಕಸಿ ಪಡೆದ ಭ್ರೂಣದ ಕೋಶಗಳಿಂದ! ಕಪ್ಪೆಯ ಭ್ರೂಣದಲ್ಲಿ ಆ ಚೂರಿಗೆ ಸಮನಾದ ಭಾಗ ಸ್ರವಿಸುವ ಕಾರ್ಡಿನ್, ನಾಗ್ಗಿನ್ ಪ್ರೋಟೀನ್‌ಗಳು ಕೋಶಗಳನ್ನು ಚರ್ಮದತ್ತ ನಡೆಸುವ ಬಿಎಂಪಿ ಎಂಬ ಪ್ರೋಟೀನ್ ಸಂಕೇತವನ್ನು ತಡೆಯುತ್ತವೆ ಎಂದು ಆಮೇಲೆ ಗೊತ್ತಾಯಿತು. ತಡೆ ಬಿದ್ದಲ್ಲಿ, ಚರ್ಮವಾಗಬೇಕಿದ್ದ ಕೋಶಗಳು ನರಮಂಡಲದ ಹಾದಿ ಹಿಡಿಯುತ್ತವೆ. ಡೊಂಬಿವಲಿಯಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿಗೆ ಇದನ್ನು ಹೇಳುವಾಗ ನನಗೇ ಪ್ರತಿಸಲ ಮೈ ಜುಮ್ಮೆನ್ನುತ್ತದೆ. ಮಾಂಗೋಲ್ಡ್ 1924ರಲ್ಲೇ ತೀರಿಕೊಂಡರು. 1935ರ ನೊಬೆಲ್ ಸ್ಪೇಮನ್ ಒಬ್ಬರಿಗೇ ಬಂತು. ದಯವಿಟ್ಟು ಲೇಖನದಲ್ಲಿ ಆಕೆಯ ಹೆಸರನ್ನೂ ಸೇರಿಸಿ ಸರ್.